ಮನೆಯೊಳಗೆ ಸಾಕು ಆಮೆಗೆ ನೆಲೆ: ಹಾರ್ಸ್‌ಫೀಲ್ಡ್ ಆಮೆಯನ್ನು ಕುರಿತ ಅಧ್ಯಯನ ಟಿಪ್ಪಣಿ

ಆಮೆಗಳಲ್ಲಿ ನೀರನ್ನು ಆಶ್ರಯಿಸಿದವು ಬೇರೆ, ನೆಲದ ಮೇಲೆಯೇ ಬದುಕುವವು ಬೇರೆ. ಕನ್ನಡದಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ಹೆಸರನ್ನು ಬಳಸುವುದರಿಂದ, ಈ ಟಿಪ್ಪಣಿ ನೆಲದ ಆಮೆಗೆ ಮಾತ್ರ ಸಂಬಂಧಿಸಿದ್ದು ಎಂದು ಮೊದಲೇ ಹೇಳುತ್ತೇನೆ. ಕರ್ನಾಟಕ ಮತ್ತು ಆಂಧ್ರದ ಒಣ ಕುರುಚಲು ಕಾಡುಗಳಲ್ಲಿರುವ ನಕ್ಷತ್ರ ಆಮೆ ಇಲ್ಲಿನ ವಿಷಯವಲ್ಲ. ಅದನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಳ್ಳಸಾಗಣೆಯಿಂದ ನಲುಗಿರುವ ಆ ಜೀವಿಯನ್ನು 2019ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಅತಿ ಬಿಗಿಯಾದ ಮೊದಲನೆಯ ಅನುಬಂಧಕ್ಕೂ ಸೇರಿಸಲಾಯಿತು. ಬ್ರಿಟನ್, ಜರ್ಮನಿಗಳಂತಹ ಚಳಿದೇಶಗಳಲ್ಲಿ ನೆಲೆಸಿ, ಅಲ್ಲಿಯೇ ಸಾಕಣೆಯಲ್ಲಿ ಹುಟ್ಟಿದ ಹಾರ್ಸ್‌ಫೀಲ್ಡ್ ಆಮೆಯನ್ನು ಕಾನೂನುಬದ್ಧವಾಗಿ ಸಾಕಲು ಹೊರಟ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಈ ಆಮೆಯ ತವರು ಕಜಾಕಿಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಅಫ್ಘಾನಿಸ್ತಾನಗಳ ಹುಲ್ಲುಗಾವಲು ಮತ್ತು ಅರೆಮರುಭೂಮಿ. ಬೇಸಿಗೆಯಲ್ಲಿ ನೆಲ ಕಾದ ಹೆಂಚಾಗುವ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಅದು ವಸಂತದ ಕೆಲವು ತಿಂಗಳು ಮಾತ್ರ ಮೇಲೆ ಓಡಾಡಿ, ಉಳಿದ ಕಾಲವನ್ನು ತಾನೇ ತೋಡಿದ ಬಿಲದಲ್ಲಿ ಕಳೆಯುತ್ತದೆ. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಝೋಂಡ್ 5 ನೌಕೆಯಲ್ಲಿ ಚಂದ್ರನನ್ನು ಸುತ್ತಿಕೊಂಡು ಜೀವಂತವಾಗಿ ಮರಳಿದ ಎರಡು ಆಮೆಗಳು ಈ ಜಾತಿಯವೇ. ಆದ್ದರಿಂದ ಇದಕ್ಕೆ ಗಟ್ಟಿಜೀವ ಎಂಬ ಹೆಸರು ಬಂದಿದೆ, ಮತ್ತು ಆ ಹೆಸರೇ ಸಾಕುವವರ ಅಲಕ್ಷ್ಯಕ್ಕೂ ಕಾರಣವಾಗಿದೆ. ಅದರ ಗಟ್ಟಿತನವಿರುವುದು ಬಿಸಿ ಹೆಚ್ಚಾದಾಗ ತಂಪಿಗೆ, ತಂಪು ಹೆಚ್ಚಾದಾಗ ಬಿಸಿಗೆ ಸರಿದುಕೊಳ್ಳುವ ಸಾಮರ್ಥ್ಯದಲ್ಲಿ. ತನ್ನ ಮೈಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳಲಾರದ ಜೀವಿಗೆ ಸರಿದುಕೊಳ್ಳುವ ಜಾಗವೇ ಇಲ್ಲದಂತೆ ಮಾಡಿದರೆ ಯಾವ ಗಟ್ಟಿತನವೂ ಉಪಯೋಗಕ್ಕೆ ಬರುವುದಿಲ್ಲ. ಮುಂದಿನ ಎಲ್ಲ ಏರ್ಪಾಡುಗಳನ್ನೂ ಈ ದೃಷ್ಟಿಯಿಂದಲೇ ಓದಿಕೊಳ್ಳಬೇಕು.

ಮೊದಲನೆಯದು ಪೆಟ್ಟಿಗೆ. ಮೀನಿನ ತೊಟ್ಟಿಯಂತಹ ಗಾಜಿನ ಪೆಟ್ಟಿಗೆಯನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಗಾಳಿ ಆಡುವುದಿಲ್ಲ, ಬಿಸಿ ಎಲ್ಲೆಡೆ ಒಂದೇ ಸಮ ಹರಡಿಕೊಳ್ಳುತ್ತದೆ, ಆಚೆ ಕಾಣುವ ಜಾಗಕ್ಕೆ ಹೋಗಲು ಆಮೆ ದಿನವಿಡೀ ಗಾಜನ್ನು ಕೆರೆಯುತ್ತಿರುತ್ತದೆ. ಮೇಲ್ಭಾಗ ತೆರೆದಿರುವ, ನಾಲ್ಕೂ ಕಡೆ ಹಲಗೆಯ ಗೋಡೆಯಿರುವ ಮೇಜಿನಂತಹ ರಚನೆ ಮೇಲು. ಒಂದು ಆಮೆಗೆ ಉದ್ದ 120, ಅಗಲ 60 ಸೆಂಟಿಮೀಟರ್ ಎಂಬುದು ತೀರ ಕನಿಷ್ಠ ಅಳತೆ. ಬೆಳೆದ ಆಮೆಗೆ ಅದರ ಎರಡರಷ್ಟು ಕೊಟ್ಟರೂ ಹೆಚ್ಚಲ್ಲ. ಇವು ಮೂಲೆಗಳಲ್ಲಿ ಹತ್ತುವುದರಲ್ಲಿ ನಿಪುಣ ಜೀವಿಗಳಾದ್ದರಿಂದ ಗೋಡೆ ಮಣ್ಣಿನ ಮಟ್ಟದಿಂದ 30 ಸೆಂಟಿಮೀಟರಿಗಾದರೂ ಮೇಲಿರಬೇಕು.

ಬಿಸಿಯ ದೀಪವನ್ನು ಒಂದು ತುದಿಯಲ್ಲಿ ಮಾತ್ರ ತೂಗುಹಾಕಬೇಕು. ಅದರ ಕೆಳಗೆ, ಆಮೆಯ ಚಿಪ್ಪಿನ ಎತ್ತರದಲ್ಲಿ ಅಳೆದಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್, ಎದುರು ತುದಿಯಲ್ಲಿ ಸುಮಾರು 20ರಿಂದ 22 ಡಿಗ್ರಿ ಇರುವಂತೆ ದೀಪದ ಎತ್ತರವನ್ನು ಹೊಂದಿಸಿಕೊಳ್ಳಬೇಕು. ರಾತ್ರಿ ದೀಪ ಆರಿಸಿದಾಗ ಉಷ್ಣತೆ 15 ಡಿಗ್ರಿಯವರೆಗೆ ಇಳಿದರೂ ಆರೋಗ್ಯವಂತ ವಯಸ್ಕ ಆಮೆಗೆ ತೊಂದರೆಯಿಲ್ಲ. ಕೆಳಗಿನಿಂದ ಕಾಯಿಸುವ ಹಾಸುಗಳು, ಬಿಸಿಗಲ್ಲುಗಳು ಬೇಡ. ನಿಸರ್ಗದಲ್ಲಿ ಬಿಸಿ ಬರುವುದು ಮೇಲಿನಿಂದ, ತಂಪು ಸಿಗುವುದು ನೆಲದೊಳಗೆ. ಸೆಕೆಯಾದ ಕೂಡಲೇ ಮಣ್ಣು ತೋಡುವುದು ಆಮೆಯ ಹುಟ್ಟುಗುಣ. ತಳವನ್ನೇ ಕಾಯಿಸಿದರೆ ಅದು ತಂಪನ್ನು ಹುಡುಕುತ್ತ ಇನ್ನಷ್ಟು ಬಿಸಿಯೊಳಗೆ ಇಳಿದುಹೋಗುತ್ತದೆ.

ಬೆಳಕಿನ ವಿಷಯ ಹಲವರಿಗೆ ತೊಡಕೆನಿಸುತ್ತದೆ. ಬಿಸಿಲಿನ ನೇರಳಾತೀತ ಬಿ (ಯುವಿಬಿ) ಕಿರಣ ಚರ್ಮದ ಮೇಲೆ ಬಿದ್ದಾಗ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಆಹಾರದಲ್ಲಿನ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ಮೂಳೆ ಮತ್ತು ಚಿಪ್ಪು ಮೆದುವಾಗುತ್ತವೆ. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ತಡೆದುಬಿಡುವುದರಿಂದ, ಕಿಟಕಿಯ ಬಳಿ ಇಟ್ಟ ಮಾತ್ರಕ್ಕೆ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ತಯಾರಿಸಿದ ಉದ್ದನೆಯ ಯುವಿಬಿ ಟ್ಯೂಬನ್ನು ಬಿಸಿಯ ದೀಪದ ಪಕ್ಕದಲ್ಲಿಯೇ ಜೋಡಿಸಬೇಕು, ಏಕೆಂದರೆ ಡಿ3 ತಯಾರಾಗಲು ಚರ್ಮಕ್ಕೆ ಕಿರಣದ ಜೊತೆಗೆ ಬಿಸಿಯೂ ಬೇಕು. ದಿನಕ್ಕೆ ಸುಮಾರು 12 ಗಂಟೆ ಬೆಳಕು ಸಾಕು. ಟ್ಯೂಬು ಕಣ್ಣಿಗೆ ಬೆಳಗುತ್ತಿದ್ದರೂ ಅದರ ಯುವಿಬಿ ಕಾಲಕ್ರಮೇಣ ಕುಂದುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಇಲ್ಲವೇ ತಯಾರಕರು ಹೇಳಿದ ಅವಧಿಗೆ ಬದಲಾಯಿಸಬೇಕು.

ಮಣ್ಣಿನ ಆಳ 15ರಿಂದ 20 ಸೆಂಟಿಮೀಟರ್ ಇರಲಿ. ಗೊಬ್ಬರ, ಔಷಧಿ ಬೆರೆಸದ ತೋಟದ ಮಣ್ಣಿಗೆ ಮರಳನ್ನೋ ಕೊಕೊಪೀಟನ್ನೋ ಸೇರಿಸಿ, ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲುವಷ್ಟು, ಆದರೆ ನೀರು ಜಿನುಗದಷ್ಟು ತೇವ ಮಾಡಬೇಕು. ಬರೀ ಮರಳು ಹೊಟ್ಟೆ ಸೇರಿ ಕರುಳು ಕಟ್ಟಬಹುದು. ದೇವದಾರು, ಪೈನ್ ಮರದ ಹೊಟ್ಟಿನ ಘಾಟು ಶ್ವಾಸಕ್ಕೆ ಕೆಡುಕು. ಮರುಭೂಮಿಯ ಪ್ರಾಣಿಗೆ ತೇವವೇಕೆ ಎಂದು ಕೇಳಬಹುದು. ಮೇಲೆ ಎಷ್ಟೇ ಒಣಗಿದ್ದರೂ ಬಿಲದೊಳಗಿನ ಗಾಳಿ ತೇವವಾಗಿರುತ್ತದೆ. ಆಫ್ರಿಕಾದ ಸಲ್ಕಾಟಾ ಆಮೆಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಪ್ಪು ಗೋಪುರಗಳಂತೆ ಉಬ್ಬಿಕೊಳ್ಳಲು ಆಹಾರದ ಪ್ರೋಟೀನಿಗಿಂತ ಒಣಹವೆಯೇ ಹೆಚ್ಚು ಕಾರಣವೆಂದು ಕಂಡುಬಂತು. ತಂಪು ತುದಿಯಲ್ಲಿ ಮಗುಚಿದ ಮಣ್ಣಿನ ಕುಂಡದ ಅರ್ಧಭಾಗವನ್ನು ಹುಗಿದಿಟ್ಟರೆ ಅದೇ ಬಿಲದ ಬಾಯಾಗುತ್ತದೆ.

ಆಗಾಗ ಆಳವಿಲ್ಲದ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಇಳಿಸಿದರೆ ಆಮೆ ಕುಡಿಯುತ್ತದೆ, ವಿಸರ್ಜನೆಯನ್ನೂ ಮಾಡುತ್ತದೆ. ಆಹಾರಕ್ಕೆ ಡ್ಯಾಂಡೆಲಿಯನ್ ಎಲೆ, ಕಾಫಿಪುಡಿಗೆ ಬೇರನ್ನು ಬೆರೆಸುವ ಚಿಕೋರಿಯ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ ಒಳ್ಳೆಯವು, ಹಣ್ಣು ಬೇಡ. ಆಯುರ್ವೇದದಲ್ಲಿ ಸಮುದ್ರಫೇನವೆಂದು ಕರೆಯುವ ಕಟಲ್‌ಮೀನಿನ ಮೂಳೆಯನ್ನು ಒಳಗಿಟ್ಟರೆ ಸುಣ್ಣದ ಕೊರತೆ ನೀಗುತ್ತದೆ. ಜೊತೆಗಿರಲೆಂದು ಎರಡನೆಯ ಆಮೆಯನ್ನು ತರುವುದು ಕರುಣೆಯಲ್ಲ. ಇವು ಒಂಟಿಯಾಗಿ ಬಾಳುವ ಜೀವಿಗಳು, ಗಂಡುಗಳು ಕಚ್ಚಿ ಕಾಡುತ್ತವೆ. ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯಬೇಕು, ಏಕೆಂದರೆ ಆರೋಗ್ಯವಾಗಿ ಕಾಣುವ ಆಮೆಯಲ್ಲಿಯೂ ಹೊಟ್ಟೆಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಆಮೆಯನ್ನು ತರುವ ಒಂದು ವಾರ ಮೊದಲೇ ದೀಪಗಳನ್ನು ನಡೆಸಿ, ಎರಡೂ ತುದಿಗಳ ಉಷ್ಣತೆಯನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಟ್ಟುಕೊಳ್ಳಿರಿ. ಬಂದ ಮೇಲೆ ಆಮೆ ಮಲಗುವ ಜಾಗವನ್ನು ಗಮನಿಸಿರಿ: ದಿನವಿಡೀ ದೀಪದ ಕೆಳಗಿಂದ ಕದಲದಿದ್ದರೆ ಅಲ್ಲಿ ಬಿಸಿ ಸಾಲದಿರಬಹುದು, ದೀಪದತ್ತ ಬಾರದೆ ದೂರದ ಮೂಲೆಯಲ್ಲಿಯೇ ಹುದುಗಿದ್ದರೆ ದೀಪವನ್ನು ಸ್ವಲ್ಪ ಮೇಲಕ್ಕೆತ್ತಿ, ಮರುದಿನ ಮತ್ತೆ ಅಳೆಯಬೇಕು.