ಸರ್ಪಸುತ್ತು ಬರೆದುಕೊಟ್ಟ ನಕ್ಷೆ

ಸರ್ಪಸುತ್ತಿನ ತಲೆಯೂ ಬಾಲವೂ ಮೈಸುತ್ತಿ ಬಂದು ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿ, ಕೂಡುವ ಮೊದಲೇ ತಡೆದೆ ಎನ್ನುವವರಿಗೆ ಸೋಲೆಂಬುದಿಲ್ಲ. ಯಾಕೆಂದರೆ ಅದು ಸಾಮಾನ್ಯವಾಗಿ ಕೂಡುವುದೇ ಇಲ್ಲ. ಎಂದೋ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಮೈಯ ಶಕ್ತಿ ಕುಂದಿದಾಗ ಎದ್ದು ಆ ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಆ ನರ ಮೈಯ ಒಂದು ಮಗ್ಗುಲಿಗೆ ಸೇರಿದ್ದು. ಅದು ನಡುಗೆರೆಯ ಹತ್ತಿರ ಮುಗಿಯುತ್ತದೆ, ಗುಳ್ಳೆಗಳೂ ಅಲ್ಲೇ ನಿಲ್ಲುತ್ತವೆ. (ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಮೈತುಂಬ ಏಳುವುದುಂಟು, ಅದರ ಮಾತು ಬೇರೆ.) ಮಂತ್ರ ನಂಬಿ ಕೂತವರು ಕಳೆದುಕೊಳ್ಳುವುದು ಗುಳ್ಳೆ ಎದ್ದ ಮೊದಲ 72 ಗಂಟೆಗಳನ್ನು. ವೈರಸ್ ತಡೆಯುವ ಮಾತ್ರೆ ಶುರುಮಾಡಲು ಒಳ್ಳೆಯ ಹೊತ್ತು ಅದೇ.

ಇದೇ ಕಾಯಿಲೆ ವೈದ್ಯಶಾಸ್ತ್ರಕ್ಕೆ ದೊಡ್ಡ ಉಪಕಾರವನ್ನೂ ಮಾಡಿದೆ. ಇಂಗ್ಲೆಂಡಿನ ವೈದ್ಯರಾದ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಸರ್ಪಸುತ್ತಿನ ರೋಗಿಗಳ ಗುಳ್ಳೆಪಟ್ಟಿಗಳನ್ನು ಗುರುತಿಸಿಟ್ಟುಕೊಂಡರು. ಅವರಲ್ಲಿ ತೀರಿಕೊಂಡವರ ನರಗಂಟುಗಳನ್ನು ಪರೀಕ್ಷಿಸಿ, ಯಾವ ಗಂಟಿಗೆ ಚರ್ಮದ ಯಾವ ಪಟ್ಟಿ ಎಂದು ಹೊಂದಿಸಿ 1900ರಲ್ಲಿ ಪ್ರಕಟಿಸಿದರು. ಹೆಡ್‌ಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. 1903ರಲ್ಲಿ ತನ್ನದೇ ಮುಂಗೈಯ ನರವೊಂದನ್ನು ಕತ್ತರಿಸಿಕೊಂಡು ಹೊಲಿಸಿಕೊಂಡ. ಸ್ಪರ್ಶ ಹೇಗೆ ಮರಳುತ್ತದೆ ಎಂದು ಗೆಳೆಯ, ಮನೋವಿಜ್ಞಾನಿ ಡಬ್ಲ್ಯು.ಎಚ್.ಆರ್. ರಿವರ್ಸ್ ಜೊತೆ ವರ್ಷಗಟ್ಟಲೆ ಪರೀಕ್ಷಿಸಿದ.

ಆ ನಕ್ಷೆ ಕಾಲಿಗೆ ಬಂದಾಗ ಗೋಜಲಾಗಿ ಕಾಣುತ್ತದೆ. (ಬೆನ್ನುಹುರಿಯಿಂದ ಹೊರಡುವ ನರಬೇರುಗಳಲ್ಲಿ ಸೊಂಟದವಕ್ಕೆ ಎಲ್, ಅದಕ್ಕೂ ಕೆಳಗಿನ ತ್ರಿಕಾಸ್ಥಿಯವಕ್ಕೆ ಎಸ್ ಎಂದು ಹೆಸರು; ಅಂಕಿ ಮೇಲಿನಿಂದ ಕೆಳಗೆ ಎಣಿಸಿದ್ದು.) ಎಲ್4 ಮೊಣಕಾಲ ಕೆಳಗಿನ ಒಳಬದಿಗೆ, ಎಲ್5 ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿಗೆ, ಎಸ್1 ಕಿರುಬೆರಳು ಮತ್ತು ಪಾದದ ಹೊರಅಂಚಿಗೆ. ಇಷ್ಟು ಕೆಳಗೆ ಇಳಿದ ಮೇಲೆ ಎಸ್2 ಮತ್ತೆ ಮೇಲೇರಿ ತೊಡೆಯ ಹಿಂಬದಿಗೆ ಬರುತ್ತದೆ. ಎಸ್3ರಿಂದ ಎಸ್5 ಗುದದ್ವಾರದ ಸುತ್ತ ಉಂಗುರಗಳಾಗಿ ಕೂರುತ್ತವೆ. ಮನುಷ್ಯನನ್ನು ನಾಲ್ಕು ಕಾಲಿನ ಮೇಲೆ ಬಗ್ಗಿಸಿ ನೋಡಿದರೆ ಗೊಂದಲ ಕರಗುತ್ತದೆ: ಮೈಯ ಕಟ್ಟಕಡೆಯ ತುದಿ ಪಾದವಲ್ಲ, ಬಾಲವಿರಬೇಕಾಗಿದ್ದ ಜಾಗ.

ಕಿಬ್ಬೊಟ್ಟೆ, ಪಿರ್ರೆ, ಕಾಲುಗಳ ಹಳೆಯ ನರನೋವಿಗೆ ಕಾರಣ ಹುಡುಕುವವರಿಗೆ ಈ ನಕ್ಷೆ ಮೊದಲು ಬೇಕು, ಸ್ಕ್ಯಾನ್ ಆಮೇಲೆ. ನಡೆಯುವುದು ತಿರುಗುಮುರುಗು. ‘ನರ ಹೊರಳಿದೆ’ ಎಂದು ಉಳುಕು ತೆಗೆಸಿ, ಮೂಳೆ ವೈದ್ಯರಲ್ಲಿ ಸೊಂಟದ ಎಂಆರ್‌ಐ ಮಾಡಿಸಿದರೆ ‘ಡಿಸ್ಕ್ ಉಬ್ಬಿದೆ’ ಎಂಬ ವರದಿ ಕೈಗೆ ಬರುತ್ತದೆ. ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆಯಲ್ಲಿ 20ರ ಪ್ರಾಯದವರಲ್ಲೇ ಶೇ. 30 ಮಂದಿಗೆ, 80ರವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬಿತ್ತು. ನೋವು ಕಿರುಬೆರಳಲ್ಲಿದ್ದು ಉಬ್ಬು ಎಲ್4ನ್ನು ಒತ್ತುತ್ತಿದ್ದರೆ ಆ ಉಬ್ಬಿಗೂ ಆ ನೋವಿಗೂ ಸಂಬಂಧ ಹಚ್ಚುವುದು ಕಷ್ಟ.

ಇದಕ್ಕೆ ಹೋಲಿಸಿ ನೋಡಲು ರೋಗಿ ತನ್ನ ನೋವಿನ ನಕ್ಷೆ ಬರೆಯುವುದು ಹೀಗೆ. ಮೈಯ ಮುಂಬದಿ, ಹಿಂಬದಿಯ ಹೊರಗೆರೆಯ ಜೊತೆಗೆ ಕುಳಿತುಕೊಳ್ಳುವ ಭಾಗದ ಚಿತ್ರವೂ ಬೇಕು. ಅದನ್ನು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ, ಉತ್ತರ ಹಲವು ಸಲ ಇರುವುದು ಅಲ್ಲೇ. ಉರಿಗೆ ಒಂದು ಬಣ್ಣ, ಜೋಮಿಗೆ ಒಂದು, ಮುಟ್ಟಿದರೆ ತಿಳಿಯದ ಜಾಗಕ್ಕೆ ಇನ್ನೊಂದು. ಅಂಗೈ ಸವರಿ ‘ಇಲ್ಲೆಲ್ಲ’ ಎನ್ನಬಾರದು. ಒಂದೇ ಬೆರಳ ತುದಿಯಿಂದ ಅಂಚು ಹುಡುಕಬೇಕು. ಎಷ್ಟು ನಿಮಿಷ ಕೂತರೆ ಏರುತ್ತದೆ, ನಿಂತರೆ ಇಳಿಯುತ್ತದೆಯೇ, ಕೆಮ್ಮಿದರೆ ಕಾಲಿಗೆ ಹೊಡೆಯುತ್ತದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ ಎಂದು ಪಕ್ಕದಲ್ಲಿ ಬರೆಯಬೇಕು. ಹೆಂಗಸರು ಮುಟ್ಟಿನ ದಿನಗಳನ್ನೂ ಸೇರಿಸಿ, ಕನಿಷ್ಠ ಎರಡು ಮೂರು ಚಕ್ರ. ಒಂದು ಎಚ್ಚರಿಕೆ: ವರ್ಷಗಟ್ಟಲೆ ಉಳಿದ ನೋವಿನಲ್ಲಿ ಬೆನ್ನುಹುರಿಯೇ ಅತಿಸೂಕ್ಷ್ಮವಾಗಿ ಅಂಚು ಕದಡುತ್ತದೆ. ಆಗ ನೋವು ಮೊದಲ ತಿಂಗಳಲ್ಲಿ ಎಲ್ಲಿತ್ತು ಎಂಬುದಕ್ಕೆ ಹೆಚ್ಚು ಬೆಲೆ.

ಕುಳಿತುಕೊಳ್ಳುವ ಭಾಗದಲ್ಲಿ ಹೊಸದಾಗಿ ಸ್ಪರ್ಶ ಹೋಗಿದ್ದರೆ, ಮೂತ್ರ ಕಟ್ಟಿದ್ದರೆ, ಮಲ ತಡೆಯಲಾಗದಿದ್ದರೆ, ಪಾದ ಮೇಲೆತ್ತಲಾಗದಿದ್ದರೆ ಚಿತ್ರ ಬರೆಯುತ್ತ ಕೂರುವುದಲ್ಲ, ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗುಚ್ಛ ಅಮುಕಿಕೊಂಡಿರಬಹುದು.

ಕುಳಿತುಕೊಳ್ಳುವ ಭಾಗದ ಒಡೆಯ ಪ್ಯುಡೆಂಡಲ್ ನರ. ಎಸ್2, ಎಸ್3, ಎಸ್4 ಬೇರುಗಳಿಂದ ಹುಟ್ಟುವ ಇದರ ಹಾದಿ ವಿಚಿತ್ರ: ಹಿತ್ತಿಲ ಬಾಗಿಲಿಂದ ಹೊರಬಿದ್ದು, ಕಂಬ ಬಳಸಿ, ಪಕ್ಕದ ಸಣ್ಣ ಬಾಗಿಲಿಂದ ಮತ್ತೆ ಮನೆಯೊಳಕ್ಕೆ ನುಗ್ಗಿದ ಹಾಗೆ. ಸೊಂಟದ ಕುಳಿಯಿಂದ ಪಿರ್ರೆಗೆ ಬಂದು, ಇಷಿಯಲ್ ಸ್ಪೈನ್ ಎಂಬ ಮೂಳೆಮೊನೆಯನ್ನು ಬಳಸುತ್ತದೆ. ಅಲ್ಲಿ ಎರಡು ಗಟ್ಟಿ ಅಸ್ಥಿಬಂಧಗಳ ನಡುವೆ ನುಸುಳಬೇಕು. ಆಮೇಲೆ ಡಬ್ಲಿನ್ನಿನ ಬೆಂಜಮಿನ್ ಆಲ್ಕಾಕ್ 1836ರಲ್ಲಿ ವರ್ಣಿಸಿದ ಕಾಲುವೆಯೊಳಗೆ ಸಾಗಿ ಗುದ, ಜನನಾಂಗ ಮತ್ತು ಅವುಗಳ ನಡುವಿನ ಜಾಗಕ್ಕೆ ಕವಲೊಡೆಯುತ್ತದೆ. ಸಿಕ್ಕಿಕೊಳ್ಳಲು ಎರಡು ಒಳ್ಳೆಯ ಜಾಗಗಳು: ಅಸ್ಥಿಬಂಧಗಳ ಸಂದು ಮತ್ತು ಆ ಕಾಲುವೆ. 1987ರಲ್ಲಿ ಫ್ರಾನ್ಸಿನ ಅಮರೆಂಕೊ ಈ ತೊಂದರೆಯನ್ನು ವಿವರಿಸಿದ್ದು ಸೈಕಲ್ ಸವಾರನಲ್ಲಿ.

2006ರಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಈ ನರ ಸಿಕ್ಕಿಕೊಂಡದ್ದನ್ನು ಗುರುತಿಸುವ ಐದು ಲಕ್ಷಣಗಳನ್ನು ತಜ್ಞರು ಗೊತ್ತುಪಡಿಸಿದರು: ನೋವು ಆ ನರದ ಸೀಮೆಯೊಳಗೇ ಇರಬೇಕು, ಕೂತರೆ ಹೆಚ್ಚಬೇಕು, ರಾತ್ರಿ ಎಬ್ಬಿಸಬಾರದು, ಪರೀಕ್ಷೆಯಲ್ಲಿ ಸ್ಪರ್ಶ ಹೋಗಿರಬಾರದು, ನರದ ಬಳಿ ಅರಿವಳಿಕೆ ಕೊಟ್ಟರೆ ನೋವು ತಗ್ಗಬೇಕು. ನಾಲ್ಕನೆಯದು ವಿದ್ಯಾರ್ಥಿಗಳನ್ನೂ ತಬ್ಬಿಬ್ಬುಗೊಳಿಸುತ್ತದೆ. ಸ್ಪರ್ಶ ನಿಜವಾಗಿ ಹೋಗಿದ್ದರೆ ಕೆಡುಕು ಇನ್ನೂ ಮೇಲೆ, ಬೇರುಗಳ ಮಟ್ಟದಲ್ಲಿ ಇರುವ ಸಂಭವ ಹೆಚ್ಚು. ಮನೆಯಲ್ಲೇ ಸಿಗುವ ಸುಳಿವೂ ಒಂದಿದೆ: ಕುರ್ಚಿಯ ಮೇಲೆ ತಡೆಯಲಾಗದ ನೋವು ಕಮೋಡಿನ ಸೀಟಿನ ಮೇಲೆ ಕೂತಾಗ ತಗ್ಗಿದರೆ, ನಡುಭಾಗದ ಒತ್ತಡ ತಪ್ಪಿದ್ದೇ ಕಾರಣ. ಉರಿಮೂತ್ರವೆಂದು, ಸೋಂಕೇ ಕಾಣದಿದ್ದರೂ, ಆಂಟಿಬಯಾಟಿಕ್ ನುಂಗುತ್ತಲೇ ಇರುವವರು ಈ ಸುಳಿವನ್ನು ವೈದ್ಯರಿಗೆ ಹೇಳಬೇಕು.

ಪ್ಯುಡೆಂಡಲ್ ನರ ಕಾಲಿಗೆ ಇಳಿಯುವುದಿಲ್ಲ. ನೋವು ತೊಡೆಯ ಹಿಂಬದಿಗೂ ಹಬ್ಬಿದರೆ ಅದರ ನೆರೆಯ ಚರ್ಮದ ನರವನ್ನು, ಪಾದದವರೆಗೂ ಹೋದರೆ ಪಿರ್ರೆಯಿಂದ ಕಾಲಿಗೆ ಇಳಿಯುವ ದಪ್ಪ ಸಯಾಟಿಕ್ ನರವನ್ನು ಶಂಕಿಸಬೇಕು. ಸಯಾಟಿಕ್ ಎಂದೊಡನೆ ಡಿಸ್ಕ್ ನೆನಪಾಗುತ್ತದೆ. ಆದರೆ 1955ರಲ್ಲೇ ಡೆಂಟನ್ ಮತ್ತು ಶೆರಿಲ್ ಎಂಡೋಮೆಟ್ರಿಯೋಸಿಸ್ ಆ ನರಕ್ಕೇ ಅಂಟಿದ ಪ್ರಕರಣ ವರದಿ ಮಾಡಿದ್ದರು. ಗರ್ಭಕೋಶದ ಒಳಪೊರೆಯಂಥದೇ ಅಂಗಾಂಶ ನರದ ಮೇಲೆ ಬೆಳೆದು ಮುಟ್ಟಿನ ಹೊತ್ತಿಗೆ ಊದುತ್ತದೆ. ಮೊದಮೊದಲು ಮುಟ್ಟಿನ ಆಸುಪಾಸಿನಲ್ಲಷ್ಟೇ ಕಾಲುನೋವು. ಕ್ರಮೇಣ ನೋವಿಲ್ಲದ ದಿನಗಳು ಕಡಿಮೆಯಾಗಿ ತಿಂಗಳಿಡೀ ಉಳಿಯುತ್ತದೆ. ಆಮೇಲೆ ಬರುವ ರೋಗಿಯಲ್ಲಿ ಈ ತಾಳ ಕಾಣುವುದಿಲ್ಲ. ಹಳೆಯ ತಿಂಗಳುಗಳ ಟಿಪ್ಪಣಿ ಕೆಲಸಕ್ಕೆ ಬರುವುದು ಆಗ.

ಸಾಮಾನ್ಯ ಸೊಂಟದ ಎಂಆರ್‌ಐ ಬೆನ್ನುಮೂಳೆಯನ್ನೂ ಅದರ ಅಕ್ಕಪಕ್ಕವನ್ನೂ ತೋರಿಸುತ್ತದೆಯೇ ಹೊರತು, ಸಯಾಟಿಕ್ ನರ ಪಿರ್ರೆಗೆ ಹೊರಬೀಳುವ ಜಾಗವನ್ನಲ್ಲ. ಹಾಗಾಗಿ ‘ಎಂಆರ್‌ಐ ನಾರ್ಮಲ್’ ಎಂದರೆ ನೋಡಿದಷ್ಟು ಜಾಗ ನಾರ್ಮಲ್. ಬೇಕಾದದ್ದು ಪೆಲ್ವಿಸ್‌ನ, ಅಂದರೆ ಸೊಂಟದ ಕುಳಿಯ, ಎಂಆರ್‌ಐ, ಸಾಧ್ಯವಾದರೆ ನರಗಳನ್ನೇ ಗುರಿಮಾಡಿದ ನ್ಯೂರೋಗ್ರಫಿ. ಚೀಟಿಯ ಮೇಲೆ ‘ಸೊಂಟನೋವು’ ಎಂದಷ್ಟೇ ಬರೆಯದೆ ಯಾವ ನರ, ಯಾವ ಬದಿ ಎಂದು ವೈದ್ಯರಿಂದ ಬರೆಸಿಕೊಳ್ಳಬೇಕು. ರೇಡಿಯಾಲಜಿಸ್ಟ್ ಹುಡುಕುವುದು ಕೇಳಿದ್ದನ್ನು. ನರ್ವ್ ಕಂಡಕ್ಷನ್ ಪರೀಕ್ಷೆ ದಪ್ಪ ತಂತುಗಳ ವೇಗವನ್ನಷ್ಟೇ ಅಳೆಯುತ್ತದೆ. ಉರಿಯನ್ನು ಸಾಗಿಸುವ ಸಣ್ಣ ತಂತುಗಳು ಅದರಲ್ಲಿ ಕಾಣುವುದಿಲ್ಲ.

ಕೊನೆಗೆ ಅರಿವಳಿಕೆ ಸೂಜಿ. ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡಿಕೊಂಡು ಮೂಳೆಮೊನೆಯ ಬಳಿ ಮದ್ದು ಬಿಡುತ್ತಾರೆ. ಇದು ಕೆಡುವುದು ಹೆಚ್ಚಾಗಿ ಸೂಜಿಯಿಂದಲ್ಲ, ಹೊತ್ತಿನ ಲೆಕ್ಕದಿಂದ. ಲಿಡೊಕೇನ್ ಪ್ರಭಾವ ಒಂದೆರಡು ಗಂಟೆ, ಬುಪಿವಕೇನ್ ಆದರೆ ಇನ್ನೂ ಕೆಲವು ಗಂಟೆ. ಅಷ್ಟರಲ್ಲಿ ರೋಗಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಮನೆ ಸೇರಿ ನಿದ್ದೆಹೋದರೆ ಪರೀಕ್ಷೆ ವ್ಯರ್ಥ. ನೋವು ಏರುವಷ್ಟು ಹೊತ್ತು ಕೂತೇ ಆಸ್ಪತ್ರೆಗೆ ಬರಬೇಕು, ಸೂಜಿಗೆ ಮೊದಲು ಹತ್ತಕ್ಕೆ ಎಷ್ಟು ಎಂದು ಬರೆಯಬೇಕು, ಆದ ಮೇಲೆ ಗಟ್ಟಿ ಕುರ್ಚಿಯಲ್ಲೇ ಕೂತು ಅರ್ಧ ಗಂಟೆಗೊಮ್ಮೆ ಬರೆಯುತ್ತ ಹೋಗಬೇಕು. ಆ ಜಾಗ ಮರಗಟ್ಟಿಯೂ ನೋವು ಹಾಗೇ ಇದ್ದರೆ ನೋವಿನ ಮೂಲ ಬೇರೆಡೆ ಇರುವ ಸಂಭವ ಹೆಚ್ಚು. ಮರಗಟ್ಟಲೇ ಇಲ್ಲವಾದರೆ ಮದ್ದು ನರಕ್ಕೆ ತಲುಪಿಲ್ಲ, ಆ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯಬಾರದು.