ಜಿಬೂಟಿ: ಸೇನೆಗಳಿಗೆ ನೆಲ ಬಾಡಿಗೆಗೆ ಕೊಟ್ಟ ದೇಶ

ಪೂರ್ವ ಆಫ್ರಿಕಾದ ಪುಟ್ಟ ದೇಶ ಜಿಬೂಟಿಯ ಅಂಬೂಲಿ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಪ್ರಯಾಣಿಕರ ವಿಮಾನ ಅದರ ಮೇಲೆ ಇಳಿದು ನಿಧಾನಕ್ಕೆ ತಿರುಗುವಾಗ ಕಿಟಕಿಯ ಪಕ್ಕ ಕುಳಿತವರಿಗೆ ಒಂದು ವಿಚಿತ್ರ ಮೆರವಣಿಗೆ ಕಾಣುತ್ತದೆ: ಫ್ರಾನ್ಸಿನ ಯುದ್ಧವಿಮಾನಗಳು, ಅಮೆರಿಕದ ಹೊಟ್ಟೆ ಉಬ್ಬಿದ ಸರಕು ವಿಮಾನಗಳು, ಜಪಾನಿನ ಕಡಲ ಗಸ್ತು ವಿಮಾನ. ಎಲ್ಲರೂ ಅದೇ ರನ್‌ವೇಗೆ ಸರದಿಯಲ್ಲಿ ನಿಲ್ಲಬೇಕು. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಡೊರಾಲೆ ಬಂದರಿನ ಪಕ್ಕದಲ್ಲಿ ಎತ್ತರದ ಗೋಡೆಯೊಳಗೆ ಚೀನಾದ ಸೇನಾ ನೆಲೆ. ಜಗತ್ತಿನ ಬೇರೆಡೆ ಒಬ್ಬರ ಮುಖ ಒಬ್ಬರು ನೋಡದ ಸೇನೆಗಳು ಇಲ್ಲಿ ನೆರೆಹೊರೆಯವರು.

ಸುಮಾರು 23,000 ಚದರ ಕಿಲೋಮೀಟರ್ ವಿಸ್ತೀರ್ಣ, ಹತ್ತು ಲಕ್ಷದ ಆಸುಪಾಸಿನ ಜನಸಂಖ್ಯೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ; ಬೆಳೆ ಬೆಳೆಯುವ ಭೂಮಿ ಇಲ್ಲವೆಂದೇ ಹೇಳಬೇಕು. ಇರುವುದು ಉಪ್ಪು, ಬಿಸಿಲು ಮತ್ತು ಒಂದು ಜಾಗ. ಆ ಜಾಗವೇ ಅದರ ಆಸ್ತಿ. ಕೆಂಪು ಸಮುದ್ರವೂ ಏಡನ್ ಕೊಲ್ಲಿಯೂ ಕೂಡುವ ಬಾಬ್ ಎಲ್ ಮಂದೆಬ್ ಜಲಸಂಧಿ ಅದರ ಅಂಗಳದಲ್ಲಿದೆ. ‘ಕಣ್ಣೀರಿನ ಬಾಗಿಲು’ ಎಂದು ಆ ಹೆಸರಿನ ಅರ್ಥ. ಅತಿ ಕಿರಿದಾದಲ್ಲಿ ಸುಮಾರು 30 ಕಿಲೋಮೀಟರ್ ಅಗಲವಿರುವ ಈ ಬಾಗಿಲನ್ನು ದಾಟದೆ ಏಷ್ಯಾದಿಂದ ಸೂಯೆಜ್ ಕಾಲುವೆಗೆ ಹಡಗು ಹೋಗುವಂತಿಲ್ಲ.

ಕಥೆ ಶುರುವಾಗುವುದು ಆಗಿನ ಹಬೆ ಹಡಗುಗಳ ಇಂಧನವಾದ ಕಲ್ಲಿದ್ದಲಿನಿಂದ. 1862ರಲ್ಲಿ ಫ್ರಾನ್ಸ್ ಅಲ್ಲಿನ ಅಫಾರ್ ಸಮುದಾಯದ ಮುಖಂಡರಿಂದ ಒಬೋಕ್ ಎಂಬ ಲಂಗರುದಾಣವನ್ನು 10,000 ಥೇಲರ್ ಬೆಳ್ಳಿ ನಾಣ್ಯಗಳಿಗೆ ಕೊಂಡಿತು. ಕೊಂಡ ಮೇಲೆ ಇಪ್ಪತ್ತು ವರ್ಷ ಅದರತ್ತ ತಿರುಗಿಯೂ ನೋಡಲಿಲ್ಲ. ಎದುರು ದಡದ ಏಡನ್‌ನಲ್ಲಿ ಬ್ರಿಟಿಷರ ಕಲ್ಲಿದ್ದಲು ಸಿಗುತ್ತಿದ್ದಾಗ ಸ್ವಂತ ಡಿಪೊ ಏಕೆ? 1884ರಲ್ಲಿ ಫ್ರಾನ್ಸ್ ಮತ್ತು ಚೀನಾ ನಡುವೆ ಯುದ್ಧ ಹತ್ತಿಕೊಂಡಾಗ ಬ್ರಿಟನ್ ತಟಸ್ಥ ನೀತಿಯ ಹೆಸರಿನಲ್ಲಿ ಫ್ರೆಂಚ್ ಯುದ್ಧನೌಕೆಗಳಿಗೆ ಏಡನ್‌ನ ಕಲ್ಲಿದ್ದಲು ನಿಲ್ಲಿಸಿತು. ಆಗ ಪ್ಯಾರಿಸ್‌ಗೆ ಒಬೋಕ್ ನೆನಪಾಯಿತು. ಅಲ್ಲಿಗೆ ಬಂದ ಅಧಿಕಾರಿ ಲಿಯೋನ್ಸ್ ಲಗಾರ್ಡ್, ಆ ಬಂದರು ಸಾಲದೆಂದು ಕಂಡುಕೊಂಡು ತಜೂರಾ ಕೊಲ್ಲಿಯ ದಕ್ಷಿಣ ದಡದಲ್ಲಿ 1888ರ ವೇಳೆಗೆ ಹೊಸ ಊರು ಕಟ್ಟಿಸಲು ತೊಡಗಿದ. ಅದೇ ಇಂದಿನ ಜಿಬೂಟಿ ನಗರ. 1917ರಲ್ಲಿ ಆಡಿಸ್ ಅಬಾಬಾವರೆಗಿನ ರೈಲು ಮಾರ್ಗ ಪೂರ್ಣಗೊಂಡು ಇಥಿಯೋಪಿಯಾದ ಸರಕು ಈ ಬಂದರಿಗೆ ಹರಿಯತೊಡಗಿತು. ದೇಶವೊಂದು ಹುಟ್ಟುವ ಮೊದಲೇ ಅದರ ಕಸುಬು ನಿಶ್ಚಯವಾಗಿತ್ತು.

ಸ್ವಾತಂತ್ರ್ಯ ಬಂದದ್ದು ತಡವಾಗಿ, 1977ರ ಜೂನ್ 27ರಂದು. ಅದಕ್ಕೂ ಮೊದಲು 1958ರಲ್ಲಿ ಮತ್ತು 1967ರಲ್ಲಿ ನಡೆದ ಜನಮತಗಣನೆಗಳಲ್ಲಿ ಫ್ರಾನ್ಸಿನೊಂದಿಗೇ ಇರಬೇಕೆಂಬ ಪಕ್ಷ ಗೆದ್ದಿತ್ತು. ಗೆಲುವು ಎಷ್ಟು ನೇರವಾಗಿತ್ತು ಎಂಬುದು ಬೇರೆ ಮಾತು: ಸ್ವಾತಂತ್ರ್ಯ ಬಯಸುತ್ತಿದ್ದ ಸೊಮಾಲಿ ಸಮುದಾಯದವರು ಸಾವಿರಾರು ಸಂಖ್ಯೆಯಲ್ಲಿ ಗಡಿಪಾರಾಗಿದ್ದರು, ನಗರದ ಸುತ್ತ ಮುಳ್ಳುತಂತಿ ಬೇಲಿ ಎದ್ದಿತ್ತು.

ಕೊನೆಗೆ ಫ್ರಾನ್ಸಿನ ಧ್ವಜ ಇಳಿಯಿತು, ಸೈನಿಕರು ಮಾತ್ರ ಹೋಗಲಿಲ್ಲ. ಹೊಸ ದೇಶದ ಮೊದಲ ಅಧ್ಯಕ್ಷ ಹಸನ್ ಗುಲೇದ್ ಅಪ್ತಿದೋನ್ ಸ್ವಾತಂತ್ರ್ಯದ ಜೊತೆಜೊತೆಗೇ ಫ್ರಾನ್ಸಿನೊಂದಿಗೆ ಸೇನಾ ಒಪ್ಪಂದ ಮಾಡಿಕೊಂಡರು. ಇದನ್ನು ದಾಸ್ಯದ ಮುಂದುವರಿಕೆ ಎಂದು ಬೈಯುವುದು ಸುಲಭ. ಆದರೆ ಆ ದಿನ ಅವರ ಕುರ್ಚಿಯಲ್ಲಿ ಕುಳಿತು ನೋಡಿ. ಒಂದು ಗಡಿಯಾಚೆ ಸೊಮಾಲಿಯಾ. ಅದರ ಧ್ವಜದ ನಕ್ಷತ್ರಕ್ಕಿರುವ ಐದು ಮೂಲೆಗಳಲ್ಲಿ ಒಂದು ಜಿಬೂಟಿಯನ್ನೇ ಸೂಚಿಸುತ್ತಿತ್ತು. ಇನ್ನೊಂದು ಗಡಿಯಾಚೆ ತನ್ನ ರೈಲಿನ ಕೊನೆಯ ನಿಲ್ದಾಣವನ್ನು ಕಳೆದುಕೊಳ್ಳಲು ಸಿದ್ಧವಿಲ್ಲದ ಇಥಿಯೋಪಿಯಾ. ಕೆಲವೇ ವಾರಗಳಲ್ಲಿ ಆ ಎರಡು ದೇಶಗಳು ಒಗಡೆನ್ ಪ್ರದೇಶಕ್ಕಾಗಿ ಯುದ್ಧಕ್ಕೆ ಇಳಿದವು. ನಡುವೆ ಸಿಕ್ಕ ಜಿಬೂಟಿಯ ಮೈಮುಟ್ಟಲು ಯಾರೂ ಮುಂದಾಗಲಿಲ್ಲ; ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಫ್ರೆಂಚ್ ಸೈನಿಕರಿದ್ದರು.

ಒಪ್ಪಂದದ ಇನ್ನೊಂದು ಮುಖ ಕಂಡದ್ದು 1991ರಲ್ಲಿ. ಉತ್ತರದಲ್ಲಿ ಅಫಾರ್ ಬಂಡುಕೋರರು ದಂಗೆ ಎದ್ದಾಗ ಗುಲೇದ್ ಫ್ರಾನ್ಸಿನ ನೆರವು ಕೇಳಿದರು. ಇದು ವಿದೇಶಿ ಆಕ್ರಮಣವಲ್ಲ, ಮನೆಯೊಳಗಿನ ಜಗಳ, ಒಪ್ಪಂದ ಅನ್ವಯಿಸದು ಎಂದಿತು ಪ್ಯಾರಿಸ್. ಮರುವರ್ಷ ಫ್ರೆಂಚ್ ಪಡೆ ಉತ್ತರಕ್ಕೆ ಹೋಯಿತಾದರೂ ಎರಡೂ ಕಡೆಯವರ ನಡುವೆ ನಿಂತಿತೇ ಹೊರತು ಸರ್ಕಾರದ ಪರವಾಗಿ ಕಾದಲಿಲ್ಲ. ಜಿಬೂಟಿಯ ಆಳುವವರಿಗೆ ಈ ಪ್ರಸಂಗ ಚೆನ್ನಾಗಿ ನಾಟಿರಬೇಕು. ಒಬ್ಬನೇ ಬಾಡಿಗೆದಾರನಿದ್ದರೆ ಮನೆಯ ಯಜಮಾನ ಅವನೇ ಆಗಿಬಿಡುತ್ತಾನೆ. 1999ರಲ್ಲಿ ಅಧ್ಯಕ್ಷರಾದ ಇಸ್ಮಾಯಿಲ್ ಒಮರ್ ಗೆಲ್ಲೆ ಅವರ ಆಳ್ವಿಕೆಯನ್ನು ನಾನು ಓದುವುದು ಈ ಒಂದು ಸಾಲಿಗೆ ಬರೆದ ಟಿಪ್ಪಣಿಯಾಗಿ.

ಎರಡನೆಯ ಬಾಡಿಗೆದಾರನನ್ನು ತಂದುಕೊಟ್ಟದ್ದು 2001ರ ಸೆಪ್ಟೆಂಬರ್ 11. ಯೆಮನ್ ಮತ್ತು ಸೊಮಾಲಿಯಾದ ಮೇಲೆ ಕಣ್ಣಿಡಲು ಅಮೆರಿಕಕ್ಕೆ ನೆಲ ಬೇಕಿತ್ತು. ಮೊದಲು ಹಡಗಿನಲ್ಲೇ ಇದ್ದ ಅದರ ತುಕಡಿ 2003ರ ಮೇ ತಿಂಗಳಲ್ಲಿ ಲೆಮೊನಿಯೆ ಶಿಬಿರಕ್ಕೆ ಇಳಿಯಿತು. ಅದು ಫ್ರೆಂಚ್ ಫಾರಿನ್ ಲೀಜನ್ ಬಿಟ್ಟುಹೋಗಿದ್ದ ಹಾಳು ಠಾಣೆ. ಇಂಡೊಚೀನಾದಲ್ಲಿ 1945ರಲ್ಲಿ ಜಪಾನೀಯರ ಕೈಯಲ್ಲಿ ಹತನಾದ ಫ್ರೆಂಚ್ ಜನರಲ್‌ನ ಹೆಸರು ಅದಕ್ಕೆ. ಅದೇ ಜಪಾನ್ ಇಂದು ರನ್‌ವೇಯ ಮಗ್ಗುಲಲ್ಲೇ ಬೀಡುಬಿಟ್ಟಿದೆ ಎಂಬುದು ಇತಿಹಾಸದ ಕುಚೇಷ್ಟೆ. ಸುಮಾರು 88 ಎಕರೆಯಿಂದ ಶುರುವಾದ ಶಿಬಿರ ಐನೂರು ಎಕರೆಯತ್ತ ಬೆಳೆಯಿತು, ಸುಮಾರು 4,000 ಮಂದಿಯ ಊರಾಯಿತು. ಡ್ರೋನ್‌ಗಳೂ ಇಲ್ಲಿಂದಲೇ ಹಾರುತ್ತಿದ್ದವು. ಕೆಲವು ಅಪಘಾತಕ್ಕೀಡಾಗಿ, ಒಂದು ನಗರದ ಅಂಚಿನಲ್ಲೇ ಬಿದ್ದ ಮೇಲೆ, 2013ರಲ್ಲಿ ಅವುಗಳನ್ನು ದೂರದ ಶಬೆಲಿ ಎಂಬ ಬಯಲು ರನ್‌ವೇಗೆ ಸಾಗಹಾಕಲಾಯಿತು.

ಆಮೇಲೆ ಬಂದವರು ಕಡಲ್ಗಳ್ಳರ ಪುಣ್ಯದಿಂದ ಬಂದವರು. 2008ರ ಹೊತ್ತಿಗೆ ಸೊಮಾಲಿ ಕಡಲ್ಗಳ್ಳರ ಹಾವಳಿ ಮಿತಿಮೀರಿತ್ತು. ಐರೋಪ್ಯ ಒಕ್ಕೂಟದ ನೌಕೆಗಳು ಬಂದವು, ಜರ್ಮನಿ ಮತ್ತು ಸ್ಪೇನ್ ತಮ್ಮ ಸಿಬ್ಬಂದಿಯನ್ನು ಇಲ್ಲಿ ಇರಿಸಿದವು. 2011ರಲ್ಲಿ ಜಪಾನ್ ನೆಲೆ ತೆರೆಯಿತು. ಎರಡನೇ ಮಹಾಯುದ್ಧದ ನಂತರ ಅದು ಹೊರದೇಶದಲ್ಲಿ ಕಟ್ಟಿದ ಮೊದಲ ನೆಲೆ. 2013ರಲ್ಲಿ ಇಟಲಿ. 2009ರ ಜನವರಿಯಿಂದಲೇ ಚೀನಾದ ಬೆಂಗಾವಲು ನೌಕೆಗಳೂ ಈ ನೀರಿನಲ್ಲಿದ್ದವು, ಇಂಧನಕ್ಕೆ ಮತ್ತು ಆಹಾರಕ್ಕೆ ಜಿಬೂಟಿಯನ್ನೂ ಆಶ್ರಯಿಸಿದ್ದವು.

ಗೆಲ್ಲೆ ಅವರ ಚೌಕಾಸಿ ನೋಡಬೇಕೆಂದರೆ 2014ನ್ನು ನೋಡಬೇಕು. ಫೆಬ್ರುವರಿಯಲ್ಲಿ ಚೀನಾದ ಜೊತೆ ರಕ್ಷಣಾ ಸಹಕಾರ ಒಪ್ಪಂದ. ಮೇ ತಿಂಗಳಲ್ಲಿ ಅಮೆರಿಕದ ಗುತ್ತಿಗೆ ನವೀಕರಣ: ವರ್ಷಕ್ಕೆ 3.8 ಕೋಟಿ ಡಾಲರ್ ಇದ್ದ ಬಾಡಿಗೆ ಒಮ್ಮೆಲೇ 6.3 ಕೋಟಿ. ಪಕ್ಕದ ಕೋಣೆಗೆ ಹೊಸಬ ಬರುವ ಸುದ್ದಿಯಿದ್ದಾಗ ಹಳಬನ ಬಾಡಿಗೆ ಏರುವುದು ಸಹಜ. 2017ರ ಆಗಸ್ಟ್ 1ರಂದು, ಚೀನೀ ಸೇನೆಯ 90ನೇ ವರ್ಷಾಚರಣೆಯ ದಿನವೇ, ಡೊರಾಲೆಯಲ್ಲಿ ಚೀನಾದ ಮೊದಲ ವಿದೇಶಿ ನೆಲೆ ಉದ್ಘಾಟನೆಯಾಯಿತು. ‘ಸರಬರಾಜು ಕೇಂದ್ರ’ ಎಂದು ಬೀಜಿಂಗ್ ಅದನ್ನು ಕರೆಯುತ್ತದೆ. ಬಾಡಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಎಂಬುದು ವರದಿ. ಆದರೆ ಚೀನಾದ ತೂಕ ಬಾಡಿಗೆಯಲ್ಲಿಲ್ಲ, ಸಾಲದಲ್ಲಿದೆ: ಆಡಿಸ್ ಅಬಾಬಾಕ್ಕೆ ಹೊಸ ವಿದ್ಯುತ್ ರೈಲು, ಇಥಿಯೋಪಿಯಾದಿಂದ ಕುಡಿಯುವ ನೀರಿನ ಕೊಳವೆ, ಎಲ್ಲದಕ್ಕೂ ಚೀನಾದ ಬ್ಯಾಂಕಿನ ಹಣ.

ಮರುವರ್ಷವೇ ನೆರೆಹೊರೆಯ ಕಿರಿಕಿರಿ ಬಯಲಾಯಿತು. ಚೀನಾದ ನೆಲೆಯ ಕಡೆಯಿಂದ ಲೇಸರ್ ಕಿರಣ ಬಿಟ್ಟು ತನ್ನ ಪೈಲಟ್‌ಗಳ ಕಣ್ಣಿಗೆ ಗಾಯ ಮಾಡಿದ್ದಾರೆಂದು ಅಮೆರಿಕ ದೂರಿತು, ಚೀನಾ ನಿರಾಕರಿಸಿತು. ಅದೇ 2018ರ ಫೆಬ್ರುವರಿಯಲ್ಲಿ ಜಿಬೂಟಿ ಸರ್ಕಾರ ದುಬೈನ ಡಿಪಿ ವರ್ಲ್ಡ್ ಕಂಪನಿ ನಡೆಸುತ್ತಿದ್ದ ಡೊರಾಲೆ ಕಂಟೇನರ್ ಟರ್ಮಿನಲ್ಲನ್ನು ಕೈವಶ ಮಾಡಿಕೊಂಡು, ಬಂದರು ಯಾರ ಕೈ ಸೇರೀತೋ ಎಂಬ ಚಿಂತೆ ವಾಷಿಂಗ್ಟನ್ನಿಗೆ ಹತ್ತಿಸಿತು.

ಇಷ್ಟೆಲ್ಲ ಸೇನೆಗಳು ಜಿಬೂಟಿಯನ್ನು ಕಾಯುತ್ತಿವೆಯೇ? 2008ರ ಜೂನ್‌ನಲ್ಲಿ ಎರಿಟ್ರಿಯಾ ಗಡಿಯ ರಾಸ್ ದುಮೈರಾದಲ್ಲಿ ಕಾಳಗ ನಡೆದು ಜಿಬೂಟಿಯ ಸೈನಿಕರು ಸತ್ತರು. ಫ್ರಾನ್ಸ್ ಸರಂಜಾಮು, ವೈದ್ಯಕೀಯ ನೆರವು ಮತ್ತು ಗುಪ್ತಚರ ಮಾಹಿತಿ ಕೊಟ್ಟಿತು, ಗುಂಡು ಹಾರಿಸಲಿಲ್ಲ. ಸಂಧಾನ ಮಾಡಿಸಿ ಗಡಿಯಲ್ಲಿ ಶಾಂತಿಪಾಲಕರನ್ನು ನಿಲ್ಲಿಸಿದ್ದು ಜಿಬೂಟಿಯಲ್ಲಿ ನೆಲೆಯೇ ಇಲ್ಲದ ಕತಾರ್. 2014ರ ಮೇ ತಿಂಗಳಲ್ಲಿ ನಗರದ ರೆಸ್ಟೋರೆಂಟ್ ಒಂದರಲ್ಲಿ ಆತ್ಮಾಹುತಿ ಬಾಂಬ್ ಸಿಡಿಸಿದ ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್‌ಗೆ ಇದೇ ವಿದೇಶಿ ಸೇನೆಗಳು ನೆಪವಾದವು.

ನೆಲೆಗಳಿಂದ ಬರುವ ಬಾಡಿಗೆ ವರ್ಷಕ್ಕೆ ಒಟ್ಟು 10 ಕೋಟಿ ಡಾಲರ್ ಮೀರುತ್ತದೆ. ಅದು ಸರ್ಕಾರದ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಬಾಲ್ಬಾಲಾ ಎಂಬ ಬಡವರ ಬಡಾವಣೆಗೆ ಎಷ್ಟು ಇಳಿಯುತ್ತದೆ ಎಂದು ಕೇಳುವ ವಿರೋಧ ಪಕ್ಷಕ್ಕೆ ಅಲ್ಲಿ ಹೆಚ್ಚು ದನಿಯಿಲ್ಲ. 2010ರಲ್ಲಿ ಸಂವಿಧಾನ ತಿದ್ದಿ ಅಧ್ಯಕ್ಷರ ಅವಧಿಯ ಮಿತಿಯನ್ನೇ ತೆಗೆದುಹಾಕಲಾಯಿತು. ಪ್ರಜಾಪ್ರಭುತ್ವದ ಪಾಠ ಹೇಳುವ ದೇಶಗಳು ಇಲ್ಲಿ ದನಿ ತಗ್ಗಿಸುತ್ತವೆ. ಬಾಡಿಗೆದಾರ ಮಾಲೀಕನಿಗೆ ಬುದ್ಧಿ ಹೇಳುವುದುಂಟೆ?

ನೆಲೆ ಇಲ್ಲದವರಿಗೂ ಈ ಬಂದರು ಒಮ್ಮೆ ಆಸರೆಯಾಗಿದೆ. 2015ರಲ್ಲಿ ಯೆಮನ್ ಹೊತ್ತಿ ಉರಿದಾಗ ಭಾರತದ ಐಎನ್‌ಎಸ್ ಸುಮಿತ್ರಾ ಏಡನ್‌ನಿಂದ ಜನರನ್ನು ತುಂಬಿಕೊಂಡು ಬಂದು ಇಳಿಸಿದ್ದು ಜಿಬೂಟಿಯಲ್ಲಿ. ‘ರಾಹತ್’ ಕಾರ್ಯಾಚರಣೆಯನ್ನು ಸಚಿವ ವಿ.ಕೆ. ಸಿಂಗ್ ಇಲ್ಲೇ ಕುಳಿತು ನಡೆಸಿದರು.

ಈಗ ಮೊದಲ ಬಾಡಿಗೆದಾರನ ಸ್ಥಿತಿಯೇ ಬದಲಾಗಿದೆ. ಮಾಲಿ, ಬುರ್ಕಿನಾ ಫಾಸೊ, ನೈಜರ್, ಚಾಡ್ ಒಂದಾದ ಮೇಲೊಂದು ಫ್ರೆಂಚ್ ಸೇನೆಯನ್ನು ಹೊರಗೆ ಕಳಿಸಿವೆ. 2024ರ ಜುಲೈನಲ್ಲಿ ಫ್ರಾನ್ಸ್ ಜಿಬೂಟಿಯೊಂದಿಗಿನ ರಕ್ಷಣಾ ಒಪ್ಪಂದವನ್ನು ನವೀಕರಿಸಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಕ್ರಿಸ್‌ಮಸ್ ಭೋಜನಕ್ಕೆ ಅಲ್ಲಿನ ತಮ್ಮ ಸೈನಿಕರ ನಡುವೆ ಹೋಗಿ ಕುಳಿತರು. ನಾಲ್ಕು ಸಾವಿರಕ್ಕೂ ಹೆಚ್ಚಿದ್ದವರು ಈಗ ಸುಮಾರು 1,500.