ಹತ್ತುಮೀನು ಮತ್ತು ರಸ್ತೆಯ ಮೋರಿ: ವೇಗದ ಲೆಕ್ಕ

ಮುಂಗಾರಿನ ಮೊದಲ ಜೋರು ಮಳೆಗೆ ಮೂಡಿಗೆರೆ, ಸಕಲೇಶಪುರ ಕಡೆಯ ಹಳ್ಳಗಳಲ್ಲಿ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತುವ ಮೀನು, ಏರುವುದು ನಮ್ಮಲ್ಲಿ ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ವಲಸೆಯ ಕಾರಣಗಳನ್ನು ಇಲ್ಲಿ ವಿವರಿಸುವುದಿಲ್ಲ. ತೋಟದ ರಸ್ತೆಗೆ ಹಾಕಿದ ಸಿಮೆಂಟ್ ಪೈಪಿನ ಮೋರಿ ಆ ಏರಿಕೆಯನ್ನು ಹೇಗೆ ತಡೆಯುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಕಣ್ಣಿಗೆ ಕಾಣುವ ತಡೆ ಒಂದೇ. ಪೈಪಿನಿಂದ ಹೊರಬೀಳುವ ನೀರು ಕೆಳಗಿನ ಮರಳನ್ನೂ ಜಲ್ಲಿಯನ್ನೂ ಕೊರೆಯುತ್ತ ಹೋಗಿ, ಕೊನೆಗೆ ಪೈಪಿನ ಬಾಯಿ ಹಳ್ಳದ ನೀರಿಗಿಂತ ಮೇಲೆ ಉಳಿಯುತ್ತದೆ. ತಳ ಹಿಡಿದು ಸಾಗುವ ಸಣ್ಣ ಮೀನಿಗೆ ಗೇಣುದ್ದದ ಆ ಜಿಗಿತವೂ ಅಸಾಧ್ಯ.

ಪೈಪಿನ ಒಳಗಿನ ತಡೆಯೇ ತಿಳಿಯಲು ಕಷ್ಟವಾದದ್ದು. ಹರಿವ ನೀರಿನ ವೇಗವನ್ನು ಅಂದಾಜಿಸುವ ಮ್ಯಾನಿಂಗ್ ಸೂತ್ರದಲ್ಲಿ ತಳದ ಒರಟುತನದ ಗುಣಾಂಕವು ಕಾಂಕ್ರೀಟಿಗೆ ಸುಮಾರು 0.013, ಕಲ್ಲುಗುಂಡುಗಳ ಹಳ್ಳಕ್ಕೆ ಸುಮಾರು 0.04. ವೇಗವು ಗುಣಾಂಕಕ್ಕೆ ವಿಲೋಮವಾದ್ದರಿಂದ ಪೈಪಿನಲ್ಲಿ ನೀರು ಹಳ್ಳದಲ್ಲಿನ ಮೂರು ಪಟ್ಟು ವೇಗವಾಗಿ ಓಡುತ್ತದೆ ಎಂದು ತೋರುತ್ತದೆ. ಆದರೆ ಅದು ಆಳ ಬದಲಾಗದಿದ್ದರೆ ಮಾತ್ರ ನಿಜ. ಬರುವ ನೀರು ಅಷ್ಟೇ ಇರುವುದರಿಂದ ವೇಗ ಏರಿದಂತೆ ಆಳ ಇಳಿಯುತ್ತದೆ, ಆಳ ಇಳಿದದ್ದರಿಂದ ವೇಗವೂ ಒಂದಿಷ್ಟು ತಗ್ಗುತ್ತದೆ. ಅಗಲವೂ ಇಳಿಜಾರೂ ಒಂದೇ ಎಂದಿಟ್ಟುಕೊಂಡು ತೆಳುವಾದ ಹರಿವಿಗೆ ಲೆಕ್ಕ ಹಾಕಿದರೆ ವೇಗ ಸುಮಾರು ಎರಡು ಪಟ್ಟು, ಆಳ ಸುಮಾರು ಅರ್ಧ ಎಂದು ಬರುತ್ತದೆ. ಬೆನ್ನು ಮುಳುಗದಷ್ಟು ನೀರಿನಲ್ಲಿ ಬಾಲ ಬೀಸಿದರೂ ಮೀನಿಗೆ ಪೂರ್ತಿ ಬಲ ಸಿಗುವುದಿಲ್ಲವಾದ್ದರಿಂದ ಆಳ ಇಳಿಯುವ ತೊಂದರೆಯು ವೇಗ ಏರುವ ತೊಂದರೆಗಿಂತ ಕಡಿಮೆಯದೇನಲ್ಲ.

ಇನ್ನು ಮೀನಿನ ಲೆಕ್ಕ. ಮೀನು ತನ್ನ ಗರಿಷ್ಠ ವೇಗವನ್ನು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾಯ್ದುಕೊಳ್ಳಲಾರದು ಎಂಬುದು ಮೀನಿನ ಈಜಿನ ಅಧ್ಯಯನದಲ್ಲಿ ಬಳಸುವ ಸಾಮಾನ್ಯ ಗಡಿ. ಸೆಕೆಂಡಿಗೆ 2 ಮೀಟರ್ ಈಜಬಲ್ಲ ಮೀನು 1.5 ಮೀಟರ್ ವೇಗದ ನೀರನ್ನು ಸುಲಭವಾಗಿ ಗೆಲ್ಲಬೇಕಲ್ಲವೇ? ದಂಡೆಯಿಂದ ನೋಡಿದರೆ ಅದು ಸಾಗುವುದು ಸೆಕೆಂಡಿಗೆ ಅರ್ಧ ಮೀಟರ್ ಮಾತ್ರ. 12 ಮೀಟರ್ ಉದ್ದದ ಪೈಪಿಗೆ 24 ಸೆಕೆಂಡು ಬೇಕು. 10 ಮೀಟರ್ ದಾಟಿದಲ್ಲಿಗೆ ಶಕ್ತಿ ಮುಗಿದು ಮೀನು ನೀರಿನೊಡನೆ ಹಿಂದಕ್ಕೆ ಜಾರುತ್ತದೆ. ನೀರಿನ ವೇಗ 1.2 ಮೀಟರಿಗೆ ಇಳಿದರೆ ಅದೇ ಪೈಪನ್ನು 15 ಸೆಕೆಂಡಿನಲ್ಲಿ ದಾಟುತ್ತದೆ. ಉದ್ದವನ್ನು ಎರಡು ವೇಗಗಳ ವ್ಯತ್ಯಾಸದಿಂದ ಭಾಗಿಸಿ, ಬಂದ ಉತ್ತರವನ್ನು 20ರೊಡನೆ ಹೋಲಿಸಿದರೆ ಮೊದಲ ಅಂದಾಜಿಗೆ ಸಾಕು. ರಸ್ತೆ ಅಗಲವಾದಾಗಲೆಲ್ಲ ಪೈಪು ಉದ್ದವಾಗುತ್ತದೆ ಎಂಬುದೂ ಇಲ್ಲಿ ನೆನಪಿರಲಿ.

ಹೊಸ ಮೋರಿಯಾದರೆ ಹಳ್ಳದಷ್ಟೇ ಅಗಲದ ಪೆಟ್ಟಿಗೆ ಮೋರಿಯ ತಳವನ್ನು ಹಳ್ಳದ ಮಟ್ಟಕ್ಕಿಂತ ಕೆಳಗಿಟ್ಟು ಮೇಲೆ ಕಲ್ಲುಜಲ್ಲಿ ತುಂಬಬಹುದು. ಹಳೆಯ ಪೈಪಿನ ಕೆಳಬದಿಯಲ್ಲಿ ಕಲ್ಲಿನ ಸಾಲುಗಳನ್ನು ಕಟ್ಟಿ ನೀರು ಪೈಪಿನೊಳಕ್ಕೆ ನಿಲ್ಲುವಂತೆ ಮಾಡಿದರೆ ಜಿಗಿತ ತಪ್ಪುತ್ತದೆ, ಆಳ ಹೆಚ್ಚುತ್ತದೆ, ವೇಗ ತಗ್ಗುತ್ತದೆ. ಎತ್ತರವಾದ ಒಂದೇ ಸಾಲು ತಾನೇ ಹೊಸ ತಡೆಯಾಗುವುದರಿಂದ, ತಗ್ಗಿನ ಹಲವು ಸಾಲುಗಳನ್ನು ಮೆಟ್ಟಿಲಾಗಿ ಇಳಿಸಬೇಕು.